ಅಷ್ಟಮಿಯ ದಿನ ಎತ್ತಿದ ಹಲಗೆ

ಆ ವರ್ಷ ಮಳೆಗಾಲ ಬಂದ ಹಾಗೆ ಮಾಡಿ ಹೋಯಿತು. ಆಷಾಢದಲ್ಲಿ ನಾಲ್ಕು ದಿನ ಹೊಯ್ದದ್ದೇ ಬಂತು, ಆಮೇಲೆ ಗದ್ದೆ ಬಿರಿಯುವಂಥ ಬಿಸಿಲು. ಹೊಳೆಯಲ್ಲಿ ಘಟ್ಟದ ನೀರು ಇಳಿದು ಬಾರದಿದ್ದರೆ ಸಮುದ್ರದ ನೀರು ಒಳಗೆ ಬರುತ್ತದೆ. ಅದಕ್ಕೆ ಯಾರ ಅಪ್ಪಣೆಯೂ ಬೇಡ. ದೀಪಾವಳಿ ಕಳೆಯುವುದರೊಳಗೆ ಭಾವಿಕೇರಿಯ ಈಚೆಗಿರುವ ನಮ್ಮ ಕೇರಿಯ ಬಾವಿಗಳೆಲ್ಲ ಉಪ್ಪಾದವು. ಗಂಜಿಗೆ ಬೇರೆ ಉಪ್ಪು ಹಾಕುವ ಕೆಲಸವಿರಲಿಲ್ಲ. ಮನೆಗೆ ಬಂದವರು ಚಹಾ ಕುಡಿದು ಮೋರೆ ತಿರುಗಿಸುತ್ತಿದ್ದರು. ಅಂಕೋಲೆಯಿಂದ ಟ್ಯಾಂಕರ್ ಬರುತ್ತಿತ್ತು. ಬಂದ ದಿನ ಬಂತು, ಇಲ್ಲದ ದಿನ ಇಲ್ಲ.

ಸಿಹಿ ಉಳಿದದ್ದು ನನ್ನ ಬಾವಿ ಒಂದೇ. ಅದರಲ್ಲಿ ನನ್ನ ಪುಣ್ಯ ಏನೂ ಇಲ್ಲ. ಹಿಸೆಯಾಗುವಾಗ ಗಂಡನ ತಮ್ಮ ಏರಿನ ಮೇಲಿನ ಮನೆ ಹಿಡಿದ. ನಮಗೆ ತಗ್ಗಿನ ಮನೆ ಬಂತು, ಜೊತೆಗೆ ಈ ಹಳೆಯ ಬಾವಿ. ಆಳವಿಲ್ಲ, ಕಟ್ಟೆ ಮೊಣಕಾಲಿಗೂ ಬರುವುದಿಲ್ಲ. ಅವರು ಮೇಲೆ ಹೊಸ ಬಾವಿ ತೋಡಿಸಿದರು, ಆಳಕ್ಕೆ ಹೋದರು, ಆಳದಲ್ಲಿ ಉಪ್ಪು ಸಿಕ್ಕಿತು. ಮಳೆಯ ನೀರನ್ನಷ್ಟೇ ಹಿಡಿದುಕೊಂಡ ನನ್ನ ಗುಂಡಿ ಕೆಡಲಿಲ್ಲ.

ಹಾಗಾಗಿ ಇಡೀ ಕೇರಿ ಕೊಡ ಹಿಡಿದು ನನ್ನ ಅಂಗಳಕ್ಕೆ ಬಂತು. ಕೊಡಲಿಲ್ಲ ಎಂದು ಯಾರೂ ಹೇಳುವ ಹಾಗಿಲ್ಲ. ಕೊಟ್ಟೆ. ಒಳ್ಳೆಯ ಮಾತಿನಲ್ಲಿ ಕೊಡಲಿಲ್ಲ, ಅಷ್ಟೆ. ಬಾವಿಯ ಹತ್ತಿರ ಬಟ್ಟೆ ತೊಳೆದವಳ ಬುಟ್ಟಿಯನ್ನು ಒದ್ದಿದ್ದೇನೆ. ಓರಗಿತ್ತಿಗೂ ನನಗೂ ಒಂದು ತೆಂಗಿನ ಮರದ ಜಗಳದಿಂದ ಎಷ್ಟೋ ವರ್ಷ ಮಾತಿರಲಿಲ್ಲ. ಅವಳು ತಾನು ಬಾರದೆ ಸೊಸೆಯನ್ನು ಕಳಿಸುತ್ತಿದ್ದಳು. ನನ್ನ ನೀರು ಬೇಕು, ನನ್ನ ಮುಖ ಬೇಡ.

ಅವಳ ಮಗ ಆ ಚಳಿಗಾಲ ನಮ್ಮ ಗಜನಿಯ ಸಿಗಡಿ ಗುತ್ತಿಗೆ ಹಿಡಿದಿದ್ದ. ಗಜನಿ ಎಂದರೆ ಹೊಳೆಯ ಪಕ್ಕ ಏರಿ ಕಟ್ಟಿ ಮಾಡಿದ ತಗ್ಗು ಗದ್ದೆ. ಮಳೆಗಾಲದಲ್ಲಿ ಭತ್ತ. ಕೊಯ್ಲಾದ ಮೇಲೆ ತೂಬಿನ ಹಲಗೆ ಎತ್ತಿ ಭರತಿಯಲ್ಲಿ ಸಮುದ್ರದಿಂದ ಏರಿ ಬರುವ ನೀರನ್ನು ಒಳಗೆ ಬಿಡುತ್ತಾರೆ, ಅದರ ಜೊತೆ ಸಿಗಡಿ ಬರುತ್ತದೆ, ಹಲಗೆ ಇಳಿಸಿ ಬೆಳೆಸುತ್ತಾರೆ. ಗುತ್ತಿಗೆ ಹಿಡಿದವನ ಕೈಯಲ್ಲಿ ತೂಬು. ನನ್ನ ಬಾವಿಗೂ ಗಜನಿಗೂ ನಡುವೆ ಇರುವುದು ಒಂದು ಸಣ್ಣ ಬದು.

ಪುಷ್ಯ ಮಾಸದಲ್ಲಿ, ಮಾವು ಹೂವಾಗಿ ನಿಂತಾಗ, ಮಳೆ ಬಂತು. ಮೊದಲ ದಿನ ಹೆಂಗಸರು ಮನೆಯಲ್ಲಿದ್ದ ಪಾತ್ರೆಯನ್ನೆಲ್ಲ ಸೂರಿನ ಕೆಳಗೆ ಇಟ್ಟು ನಗುತ್ತಿದ್ದರು. ನಾನೂ ಹಂಡೆ ಇಟ್ಟೆ. ಎರಡನೆಯ ದಿನ ಮಾವಿನ ಹೂವು ಕರಗಿ ನೆಲಕ್ಕೆ ಬಿತ್ತು, ದಂಡೆಯಲ್ಲಿ ಒಣಗಲು ಹಾಕಿದ್ದ ಮೀನು ಹುಳವಾಯಿತು, ಯಾರೂ ನಗಲಿಲ್ಲ. ಬಿಣಗಾದಲ್ಲಿರುವ ಮಗಳು ಫೋನ್ ಮಾಡಿ, ಅಲ್ಲಿ ಹೆದ್ದಾರಿಯ ಮೇಲೇ ನೀರು ಹರಿಯುತ್ತಿದೆ, ಮನೆ ಬಿಟ್ಟು ಎಲ್ಲಿಯೂ ಹೋಗಬೇಡ ಎಂದಳು. ಮೂರನೆಯ ದಿನ ಬೆಳಿಗ್ಗೆ ನೋಡಿದರೆ ಗಜನಿ ತುಂಬಿ ನೀರು ಬದುವಿನ ತಲೆಗೆ ಬಂದಿತ್ತು. ಇನ್ನೊಂದು ಗೇಣು ಏರಿದರೆ ಬಾವಿಗೆ. ಗಜನಿಯ ನೀರು ಉಪ್ಪು, ಮಳೆ ಎಷ್ಟು ಬಿದ್ದರೂ ಅದರ ಉಪ್ಪು ಹೋಗುವುದಿಲ್ಲ.

ಮಧ್ಯಾಹ್ನದ ಹೊತ್ತಿಗೆ ಹಾರೆ ಹಿಡಿದುಕೊಂಡು ಏರಿಯ ಮೇಲೆ ನಡೆದೆ. ತೂಬಿನ ಹತ್ತಿರ ಓರಗಿತ್ತಿಯ ಮಗ ಪ್ಲಾಸ್ಟಿಕ್ ಕೊಪ್ಪೆ ಹಾಕಿಕೊಂಡು ಒಬ್ಬನೇ ನಿಂತಿದ್ದ.

"ಹಲಗೆ ತೆಗಿ" ಎಂದೆ.

"ಈಗ ತೆಗೂಕೆ ಬರೂದಿಲ್ಲ ದೊಡ್ಡಾಯಿ. ಹೊಳೆ ಇಳೀಲಿಲ್ಲ. ಗಾಳಿ ಸಮುದ್ರನ ಒಳಗೇ ದೂಡ್ತಾ ಅದೆ."

"ಇಂದು ಅಷ್ಟಮಿ. ಮಧ್ಯಾಹ್ನಕ್ಕೆ ನೀರು ಇಳೀಲೇಬೇಕು. ನೀ ಹುಟ್ಟೂಕೆ ಮುಂಚೆಯಿಂದ ನಾ ಈ ತೂಬು ಕಂಡವಳು."

"ತಿಥಿ ಕಾಣ್ಬೇಡ, ನೀರು ಕಾಣು. ಒಂದ್ಸಲ ಆಚೆ ಬಗ್ಗಿ ಕಾಣು."

ನಾನು ಬಗ್ಗಲಿಲ್ಲ. ಅಕ್ಷರ ಕೂಡಿಸಿ ಓದಲು ನನಗೆ ಬರುವುದು ಕ್ಯಾಲೆಂಡರಿನ ತಿಥಿಯಷ್ಟೇ. ಆ ತಿಥಿಯ ಲೆಕ್ಕದಲ್ಲೇ ನಮ್ಮ ಕೇರಿಯವರು ಭರತಿ ಇಳಿತ ಹೇಳುವುದು, ಬಲೆ ಬಿಡುವುದು, ಹಲಗೆ ಎತ್ತುವುದು. ಅದು ತಪ್ಪಿದ್ದನ್ನು ನಾನು ಕಂಡಿರಲಿಲ್ಲ. ಇವನು ಸಿಗಡಿ ಓಡಿಹೋಗುತ್ತದೆಂದು ಸುಳ್ಳು ಹೇಳುತ್ತಿದ್ದಾನೆ ಎಂದುಕೊಂಡೆ.

"ನೀ ಸಿಗಡಿ ಕಾಯೂಕೆ ನಿಂತವ. ನನ್ನ ಬಾವಿ ಮುಳುಗಿದ್ರೆ ನಿನ್ನ ಆಯಿಗೆ ಹಬ್ಬ."

"ಆಯಿ ಕುಡೀತಾ ಇರೂದೂ ಅದೇ ಬಾವಿ ನೀರೇ ಅಲ್ದಾ?"

ಅದು ನಿಜವಾಗಿತ್ತು, ಅದಕ್ಕೇ ಸಿಟ್ಟು ಇನ್ನೂ ಹೆಚ್ಚಾಯಿತು. ಹಾರೆಯನ್ನು ಮೇಲಿನ ಹಲಗೆಯ ಸಂದಿಗೆ ಹಾಕಿದೆ. ಅವನು ನನ್ನ ರಟ್ಟೆ ಹಿಡಿದ. ಮುದುಕಿಯ ಮೈ ಮುಟ್ಟುತ್ತೀಯಾ ಎಂದು ಕೇಳಬಾರದ ನಾಲ್ಕು ಮಾತು ಬೈದೆ. ಅವನು ಕೈ ಬಿಟ್ಟು ದೂರ ನಿಂತ. ಬಿಟ್ಟದ್ದು ಅವನ ತಪ್ಪು ಎಂದು ಬಹಳ ದಿನ ಹೇಳಿಕೊಂಡು ತಿರುಗಿದೆ.

ಮೊದಲನೆಯ ಹಲಗೆ ಎದ್ದಿತು. ಎರಡನೆಯದು ತಾನೇ ಕಿತ್ತುಕೊಂಡು ಗಜನಿಯ ಒಳಗೆ ಹೋಗಿ ಬಿತ್ತು. ಒಳಗೆ. ಹೊರಗೆ ಹೋಗಬೇಕಾದ ನೀರು ಹೊಳೆಯಿಂದ ಒಳಗೆ ನುಗ್ಗುತ್ತಿತ್ತು, ಕೆಂಪು ನೀರು, ಅದರಲ್ಲಿ ಕಸ ಕಡ್ಡಿ, ಯಾರದೋ ಚಪ್ಪಲಿ. ಆಗ ಬಗ್ಗಿ ನೋಡಿದೆ. ಆಚೆಯ ನೀರು ಈಚೆಯದಕ್ಕಿಂತ ಮೊಳದಷ್ಟು ಮೇಲಿತ್ತು.

ಅವನು ಹಾರಿ ಹಲಗೆ ಹಾಕಲು ನೋಡಿದ. ಆ ಸೆಳೆತದಲ್ಲಿ ಹಲಗೆ ಕೂರುತ್ತದೆಯೇ? ಕಾಲು ತಪ್ಪಿ ಎದೆಯವರೆಗೆ ಮುಳುಗಿದ. ಹಾರೆ ಚಾಚಿ ಎಳೆದೆ. ಮೇಲೆ ಬಂದವನು ನನ್ನನ್ನು ನೋಡಲೂ ಇಲ್ಲ, ಜನರನ್ನು ಕರೆಯಲು ಕೇರಿಗೆ ಓಡಿದ. ಹತ್ತು ಗಂಡಸರು ಮರಳು ತುಂಬಿದ ಚೀಲ ಹಾಕಿ ತೂಬು ಕಟ್ಟುವಷ್ಟರಲ್ಲಿ ಸಂಜೆಯಾಯಿತು. ಅಷ್ಟರಲ್ಲಿ ಬದು ಕಾಣುತ್ತಿರಲಿಲ್ಲ. ಬಾವಿಯ ರಾಟೆಯ ಕಂಬ ಎರಡೂ ನೀರಿನ ನಡುವೆ ನಿಂತಿದ್ದವು, ಬಾವಿ ಎಲ್ಲಿದೆ ಎಂದು ಅದರಿಂದ ತಿಳಿಯಬೇಕು.

ಗಾಳಿ ಇಳಿದ ಮೇಲೆ ಗಜನಿ ಖಾಲಿ ಮಾಡಿದರು. ಸಿಗಡಿಯೂ ಹೋಯಿತು. ಮಳೆಯ ನೀರು ಇಳಿದು ಕೇರಿಯ ಬೇರೆ ಬಾವಿಗಳು ಒಂದೊಂದಾಗಿ ಸಿಹಿಯಾದವು. ಮಳೆ ದೇವರು ಕಳಿಸಿದ್ದು ಎಂದು ಹೆಂಗಸರು ಹೇಳಿಕೊಂಡರು. ನನ್ನ ಅಂಗಳಕ್ಕೆ ಬರುವುದನ್ನು ಬಿಟ್ಟರು. ಓರಗಿತ್ತಿ ಮಾತ್ರ ಅಷ್ಟು ವರ್ಷದ ಮೇಲೆ ಏರು ಇಳಿದು ಬಂದಳು. ಬಾವಿಯನ್ನು ಬಗ್ಗಿ ನೋಡಿದಳು.

"ಅಷ್ಟಮಿ ಅಂತೆ" ಎಂದಳು. ತಿರುಗಿ ಹೋದಳು.

ಮಾರನೆಯ ದಿನ ಅವಳ ಮಗ ಗಜನಿಯ ಪಂಪು ಹೊತ್ತು ತಂದ. ಕರೆದಿರಲಿಲ್ಲ. ಬಾವಿ ಬರಿದು ಮಾಡಿದ, ಕೆಸರು ತೋಡಿದ, ಹೊಸ ಒರತೆ ಬರುವವರೆಗೆ ಕಾದೆವು. ಬೊಗಸೆಯಲ್ಲಿ ತೆಗೆದು ಬಾಯಿಗೆ ಹಾಕಿದೆ. ಉಗುಳಿದೆ. ಮತ್ತೆ ಬರಿದು ಮಾಡಿದ. ಮತ್ತೆ ಉಗುಳಿದೆ.

"ಇನ್ನೊಂದ್ಸಲ ಹಾಕೂದಾ ದೊಡ್ಡಾಯಿ?" ಎಂದ.

ತಪ್ಪಾಯಿತು ಎಂದು ಹೇಳುವುದಿದ್ದರೆ ಆಗ ಹೇಳಬೇಕಿತ್ತು. ಬಾಯಲ್ಲಿ ಉಪ್ಪು ಇತ್ತು. ಹಾಕು ಎಂದೆ.

ಮುಂದಿನ ಮಳೆಗಾಲದವರೆಗೂ ಅದು ಸಿಹಿಯಾಗಲಿಲ್ಲ. ಆ ನೀರಿನಲ್ಲಿ ಪಾತ್ರೆ ತೊಳೆದೆ. ಕುಡಿಯುವ ನೀರಿಗೆ ಕೊಡ ಹಿಡಿದು ದಿನಕ್ಕೆರಡು ಸಲ ಏರು ಹತ್ತಿ ಮೈದುನನ ಬಾವಿಗೆ ಹೋದೆ. ಓರಗಿತ್ತಿ ಜಗಲಿಯ ಮೇಲೆ ಕುಳಿತಿರುತ್ತಿದ್ದಳು. ಕಳಿಸಲು ನನಗೆ ಸೊಸೆ ಇರಲಿಲ್ಲ.