ರುಬೀನಾಳ ಮೂಲ ಅಂಕಪಟ್ಟಿಗಳು

೨೦೨೨ರಲ್ಲಿ ನಾನು ಕೂಡ್ಲಿಗಿಯ ಒಂದು ಬ್ಯಾಂಕ್ ಶಾಖೆಯಲ್ಲಿ ಮ್ಯಾನೇಜರ್ ಆಗಿದ್ದೆ. ನಿವೃತ್ತಿಗೆ ಇನ್ನು ಎರಡು ವರ್ಷವಿತ್ತು. ಶಿಕ್ಷಣ ಸಾಲದ ಅರ್ಜಿಗಳನ್ನು ನಾನೇ ನೋಡುತ್ತಿದ್ದೆ.

ಒಂದು ಸೋಮವಾರ ಬೆಳಿಗ್ಗೆ ಕಾನಹೊಸಹಳ್ಳಿಯ ಟ್ರ್ಯಾಕ್ಟರ್ ಮೆಕ್ಯಾನಿಕ್ ಖಾಸಿಂ ಸಾಬ್ರು ಮಗಳು ರುಬೀನಾಳೊಂದಿಗೆ ಬಂದರು. ಪಿಯುಸಿಯಲ್ಲಿ ಶೇಕಡಾ ೮೮ ತೆಗೆದಿದ್ದ ಹುಡುಗಿ. ಬೆಂಗಳೂರಿನ ಕಾಲೇಜೊಂದರಲ್ಲಿ ನರ್ಸಿಂಗ್ ಸೀಟು ಸಿಕ್ಕಿದೆ, ಮೊದಲ ವರ್ಷದ ಶುಲ್ಕಕ್ಕೆ ಒಂದು ಲಕ್ಷ ಸಾಲ ಬೇಕು ಎಂದರು.

ನಾನು ಡಿಮ್ಯಾಂಡ್ ಲೆಟರ್ ಕೇಳಿದೆ. ಶುಲ್ಕ ಎಷ್ಟು, ಯಾವ ಖಾತೆಗೆ ಕಟ್ಟಬೇಕು ಎಂದು ಕಾಲೇಜು ಕೊಡುವ ಪತ್ರವದು. ಸೀಲು, ಸಹಿ ಎಲ್ಲ ಇತ್ತು. ಆದರೆ ಖಾತೆ ಕಾಲೇಜಿನದಲ್ಲ, ಯಾರೋ ಒಬ್ಬ ವ್ಯಕ್ತಿಯ ಹೆಸರಿನಲ್ಲಿತ್ತು. ನಾನು ಓದಿ ಮುಗಿಸುವಷ್ಟರಲ್ಲಿ ಸಾಬ್ರ ಮೊಬೈಲ್ ಮೂರು ಸಲ ರಿಂಗಾಯಿತು. ಸೀಟು ಕೊಡಿಸಿದ ಏಜೆಂಟನ ಫೋನಂತೆ.

‘ಸಂಜಿ ಒಳಗ ಕಟ್ಟಬೇಕಂತರಿ ಮೇಡಂ. ಇಲ್ಲಂದ್ರ ಸೀಟು ಬ್ಯಾರೆಯವರಿಗೆ ಕೊಡ್ತಾರಂತ.’

ಪತ್ರದಲ್ಲಿದ್ದ ನಂಬರ್ ಬಿಟ್ಟು, ಕಾಲೇಜಿನ ನಂಬರನ್ನು ಬೇರೆ ಕಡೆಯಿಂದ ಪಡೆದು ಮಾತಾಡಿದೆ. ರುಬೀನಾಳ ಹೆಸರು ಪಟ್ಟಿಯಲ್ಲಿರಲಿಲ್ಲ. ಇಂಥದೇ ಪತ್ರ ಹಿಡಿದು ಆ ತಿಂಗಳು ವಿಚಾರಿಸಿದವರಲ್ಲಿ ನಾನು ನಾಲ್ಕನೆಯವಳಂತೆ. ವಿಷಯ ಹೇಳಿದಾಗ, ದುಡ್ಡು ಇನ್ನೂ ಕೊಟ್ಟಿಲ್ಲವಲ್ಲ ಎಂದು ಸಾಬ್ರು ಉಸಿರು ಬಿಟ್ಟರು. ಮಗಳ ಮುಖ ಮಾತ್ರ ಬಿಳಿಚಿಕೊಂಡಿತು.

‘ನನ್ನ ಒರಿಜಿನಲ್ ಮಾರ್ಕ್ಸ್ ಕಾರ್ಡ್, ಟಿ.ಸಿ. ಎಲ್ಲಾ ಅವನ ಹತ್ರ ಅದಾವರಿ,’ ಎಂದಳು.

ಉಪಾಯ ಅವಳದೇ. ಮತ್ತೆ ಫೋನ್ ಬಂದಾಗ ತಾನೇ ತೆಗೆದುಕೊಂಡು, ಮೂಲ ದಾಖಲೆ ನೋಡದೆ ಬ್ಯಾಂಕಿನವರು ಸಾಲ ಕೊಡುವುದಿಲ್ಲವೆಂದು ತಣ್ಣಗೆ ಹೇಳಿದಳು. ಮರುದಿನ ಹನ್ನೊಂದಕ್ಕೆ ಬ್ಯಾಂಕಿಗೇ ತರುವುದಾಗಿ ಅವನು ಒಪ್ಪಿದ. ನಾನು ಪೊಲೀಸರಿಗೆ ತಿಳಿಸಿದೆ.

ಮರುದಿನ ಹನ್ನೊಂದು ದಾಟಿತು. ಬಾಗಿಲು ತೆರೆದಾಗಲೆಲ್ಲ ಮೂವರೂ ತಲೆಯೆತ್ತುತ್ತಿದ್ದೆವು. ಹನ್ನೊಂದೂವರೆಗೆ ಮೊಬೈಲ್ ರಿಂಗಾಯಿತು. ರುಬೀನಾ ಸ್ಪೀಕರ್ ಹಾಕಿದಳು.

‘ಬ್ಯಾಂಕಿನ ಮುಂದ ಜೀಪ್ ಯಾಕ ನಿಂತೈತಿ, ತಂಗಿ?’

ಅಷ್ಟೇ. ಆಮೇಲೆ ಆ ನಂಬರ್ ಸ್ವಿಚ್ ಆಫ್. ಎದುರಿನ ಅಂಗಡಿ ಸಾಲಿನಲ್ಲಿ ಎಲ್ಲೋ ನಿಂತು ಅವನು ನೋಡಿದ್ದ. ಮಫ್ತಿಯಲ್ಲಿ ಬನ್ನಿ ಎಂದು ಪೊಲೀಸರಿಗೆ ಹೇಳಬೇಕೆಂಬುದು ನನಗೆ ಹೊಳೆದೇ ಇರಲಿಲ್ಲ.

ಅವನು ಇವತ್ತಿಗೂ ಸಿಕ್ಕಿಲ್ಲ. ದೂರು, ಅಫಿಡವಿಟ್, ಬೋರ್ಡಿಗೆ ಅರ್ಜಿ ಎಂದು ಅಲೆದಾಡಿ ಡೂಪ್ಲಿಕೇಟ್ ಅಂಕಪಟ್ಟಿ ಕೈಗೆ ಬರುವಷ್ಟರಲ್ಲಿ ಆ ವರ್ಷದ ಪ್ರವೇಶ ಮುಗಿದಿತ್ತು. ರುಬೀನಾ ಒಂದು ವರ್ಷ ಮೆಡಿಕಲ್ ಶಾಪಿನಲ್ಲಿ ದುಡಿದು, ಮರುವರ್ಷ ಕೌನ್ಸೆಲಿಂಗ್‌ನಲ್ಲಿ ಸರ್ಕಾರಿ ಕಾಲೇಜಿನ ಸೀಟು ಪಡೆದಳು. ಅವಳ ಸಾಲಕ್ಕೆ ನಾನೇ ಸಹಿ ಹಾಕಿದೆ.

ಶಿಕ್ಷಣ ಸಾಲವೆಂದರೆ ಹಣ ಹೊಂದಿಸುವ ಕೆಲಸ ಎಂದೇ ಅಲ್ಲಿಯವರೆಗೆ ತಿಳಿದಿದ್ದೆ. ಆಮೇಲೆ ಯಾರೇ ಬಂದರೂ, ಎಷ್ಟು ಬೇಕು ಎನ್ನುವುದಕ್ಕೂ ಮೊದಲು, ಮಕ್ಕಳ ಮೂಲ ದಾಖಲೆಗಳು ಯಾರ ಕೈಯಲ್ಲಿವೆ ಎಂದು ಕೇಳತೊಡಗಿದೆ. ಹಾಗೆ ಕೇಳಿದ ಮೊದಲ ತಿಂಗಳಲ್ಲೇ ಇಬ್ಬರು ತಂದೆಯಂದಿರು, ‘ಏಜೆಂಟನ ಹತ್ರ ಅದಾವರಿ,’ ಎಂದರು.