ಕಿಟಕಿಯ ಮುಂದಿನ ಸಾಲು

ಆ ಸಣ್ಣ ನಿಲ್ದಾಣದಲ್ಲಿ ಟಿಕೆಟ್ ಕೊಡುವ ಹೆಂಗಸನ್ನು ಊರಿಗೆ ಊರೇ ಅತ್ತಿಗೆ ಎನ್ನುತ್ತಿತ್ತು. ಗಂಡ ಅಲ್ಲೇ ಸಿಗ್ನಲ್ ನೋಡಿಕೊಳ್ಳುತ್ತಿದ್ದಾಗ ಅವನ ಜೊತೆಗಾರರು ಇಟ್ಟ ಹೆಸರು. ಅವನು ತೀರಿಹೋದ ಮೇಲೂ ಉಳಿಯಿತು.

ರೈಲು ನಿಲ್ಲುತ್ತಿದ್ದುದು ಒಂದೇ ನಿಮಿಷ. ಟಿಕೆಟ್ ಯಂತ್ರಕ್ಕೋ ಮುದಿ ಎತ್ತಿನ ನಡಿಗೆ. ಜನ ರೈಲಿನ ಕೂಗು ಕೇಳಿದ ಮೇಲೇ ಮನೆ ಬಿಡುವವರು. ಹಾಗಾಗಿ ಅತ್ತಿಗೆ ಕಿಟಕಿಯಿಂದ ಕೈಬೀಸಿ, "ಮೊದಲು ಹತ್ಕೊಳ್ರಪ್ಪ, ಟಿಕೆಟ್ ಆಮೇಲೆ ನೋಡೋಣ" ಎನ್ನುತ್ತಿದ್ದಳು. ಆ 'ಆಮೇಲೆ' ಎಂದೂ ಬರುತ್ತಿರಲಿಲ್ಲ. ಊರೆಲ್ಲ ರೈಲಿನಲ್ಲೇ ಓಡಾಡುತ್ತಿತ್ತು. ಲೆಕ್ಕದಲ್ಲಿ ಮಾತ್ರ ಅಲ್ಲಿಂದ ಯಾರೂ ಹತ್ತುತ್ತಿರಲಿಲ್ಲ.

ಹೀಗಿರುವಾಗ, ವಾಹನಗಳ ಹೊಗೆ ತಗ್ಗಿಸಲು ಸರ್ಕಾರ ಪ್ರಯಾಣಿಕರ ರೈಲಿಗೆ ಹಣ ತೆಗೆದಿರಿಸಿದೆ ಎಂಬ ಸುದ್ದಿ ಬಂತು. ಜನ ಓಡಾಡುವ ಮಾರ್ಗಕ್ಕೆ ವಿದ್ಯುತ್ ರೈಲು. ಖಾಲಿ ಓಡುವ ಮಾರ್ಗವಾದರೆ ಹಳಿ ಕಿತ್ತು ರಸ್ತೆ.

ಅತ್ತಿಗೆಗೆ ಮೊದಲು ನೆನಪಾದದ್ದು ಮಗಳು. ಮಗಳಿಗೆ ಉಬ್ಬಸ. ಮನೆಯ ಮುಂದಿನ ರಸ್ತೆಯ ಹೊಗೆಗೆ ಆ ಕಡೆಯ ಕಿಟಕಿ ಮುಚ್ಚಿಯೇ ಇರುತ್ತಿತ್ತು. ಗಾಳಿ ಬರುತ್ತಿದ್ದುದು ಹಿತ್ತಿಲ ಕಿಟಕಿಯಿಂದ. ಹಿತ್ತಿಲ ಗೋಡೆಯ ಆಚೆಗೇ ಹಳಿ. ಯಾರೋ ಆಗಲೇ ಆ ಗೋಡೆಯ ಮೇಲೆ ಕೆಂಪು ಗೆರೆ ಎಳೆದು ಹೋಗಿದ್ದರು.

"ಅಮ್ಮ, ಆ ಗೆರೆ ಯಾಕೆ?"

"ಸುಮ್ನೆ ಅಳತೆಗಿರುತ್ತೆ. ನೀನು ತಲೆ ಕೆಡಿಸ್ಕೋಬೇಡ."

ಅಧಿಕಾರಿಯೊಬ್ಬ ಒಂದು ದಿನ ಬೋಗಿಯಲ್ಲೇ ಕೂತು ತಲೆ ಎಣಿಸುತ್ತಾನಂತೆ ಎಂದು ತಿಳಿದಾಗ ಅತ್ತಿಗೆ ಮನೆಮನೆಗೂ ಹೋದಳು. "ಅವತ್ತು ಯಾರೂ ಟಿಕೆಟ್ ಇಲ್ದೆ ಹತ್ತಬೇಡಿ, ಸಿಕ್ಕಿಬಿದ್ರೆ ನನ್ನ ತಲೆಗೇ ಬರುತ್ತೆ. ನಿಮ್ಮ ಕಾಲಿಗೆ ಬೀಳ್ತೀನಿ."

"ಅತ್ತಿಗೆ ಟಿಕೆಟ್ ಕೇಳ್ತಾರೆ ಅಂದ್ರೆ ಪ್ರಳಯ ಹತ್ರ ಬಂತು ಅನ್ನಿ" ಎಂದು ಕ್ಷೌರದಂಗಡಿಯವನು ನಕ್ಕ. ಮಾತೂ ಕೊಟ್ಟ.

ಆ ದಿನ ಎಲ್ಲರೂ ಬಂದರು. ಎಂದಿನಂತೆ ಕೂಗು ಕೇಳಿದ ಮೇಲೇ ಬಂದರು. ಸಾಲು ಗೇಟಿನವರೆಗೆ ಬೆಳೆಯಿತು. ಯಂತ್ರ ಗೊರಗುಟ್ಟುತ್ತ ಮೂರನೆಯ ಟಿಕೆಟ್ ಕಕ್ಕುವಷ್ಟರಲ್ಲಿ ರೈಲು ಬಂದು ನಿಂತಿತು.

"ಹತ್ಕೊಳ್ರಪ್ಪ, ಟಿಕೆಟ್ ಬಿಡಿ, ಹತ್ತಿ" ಎಂದು ಅತ್ತಿಗೆ ಕೈಬೀಸಿದಳು.

ಕ್ಷೌರದವನು ಅಲ್ಲಾಡಲಿಲ್ಲ. "ನಮ್ಮನ್ನೇ ಪರೀಕ್ಷೆ ಮಾಡ್ತೀರಾ ಅತ್ತಿಗೆ? ಮಾತು ಅಂದ್ರೆ ಮಾತು." ಹಿಂದಿದ್ದವರೂ ನಕ್ಕು ನಿಂತಲ್ಲೇ ನಿಂತರು.

ರೈಲು ಹೊರಟಿತು. ಒಳಗೆ ಆ ಮೂವರು, ಮತ್ತು ತಲೆ ಬಗ್ಗಿಸಿ ಏನೋ ಬರೆದುಕೊಳ್ಳುತ್ತಿದ್ದ ಅಧಿಕಾರಿ. ಕೆಲಸಕ್ಕೆ ಹೊತ್ತಾಯಿತೆಂದು ಉಳಿದವರೆಲ್ಲ ರಸ್ತೆಗೆ ಹೋಗಿ, ಸಿಕ್ಕ ಸಿಕ್ಕ ಬೈಕು ಕಾರುಗಳಿಗೆ ಕೈ ಅಡ್ಡ ಹಿಡಿದರು.

ಒಂದು ಸಂಜೆ ಅತ್ತಿಗೆ ಮನೆಗೆ ಬಂದಾಗ ಮಗಳು ಹಿತ್ತಿಲ ಕಿಟಕಿಯನ್ನೂ ಮುಚ್ಚಿ ಕೂತಿದ್ದಳು. ಗೋಡೆಯಾಚೆ ಯಾರೋ ರಸ್ತೆಗೆಂದು ಗೂಟ ಹೊಡೆಯುತ್ತಿದ್ದರು.