ಮುಸುಕು ತೆಗೆದವಳು ನಾನು

ಸುಧಾ, ಆ ಮರಿಯನ್ನು ಕೆಡಿಸಿದವಳು ನೀನಲ್ಲ, ನಾನು. ನಿನ್ನ ಮೇಲೆ ದೂರು ಹೇಳಿದವಳೂ ನಾನೇ — ಅದು ನಿನಗೆ ಗೊತ್ತು. ಮೊದಲನೆಯದು ಗೊತ್ತಿಲ್ಲ.

ಇದನ್ನು ಬೇರೆಯವರೂ ಓದಬೇಕು, ಹಾಗಾಗಿ ನಿನಗೆ ಗೊತ್ತಿರುವುದನ್ನೂ ಹೇಳುತ್ತೇನೆ. ನಮ್ಮ ಕಡೆಯ ಕೆರೆಗಳಲ್ಲಿ ಸಾರಸ ಹಕ್ಕಿ ಕಾಣದೆ ಎಷ್ಟೋ ಕಾಲವಾಗಿತ್ತು. ಅವನ್ನು ಮರಳಿ ತರಲೆಂದೇ ಕುಣಿಗಲ್ ಹತ್ತಿರದ ಕೇಂದ್ರದಲ್ಲಿ, ದೂರದಿಂದ ತಂದ ಮೊಟ್ಟೆಗಳನ್ನು ಮರಿ ಮಾಡಿಸಿ ಸಾಕುತ್ತಿದ್ದೆವು. ತುಮಕೂರಿನಿಂದ ನಾನು, ನಿಟ್ಟೂರಿನಿಂದ ನೀನು. ಇಬ್ಬರಿಗೂ ಒಂದೇ ಕೆಲಸ. ಮರಿಗಳು ಮನುಷ್ಯರ ಮುಖ ನೋಡಬಾರದು, ದನಿ ಕೇಳಬಾರದು. ಕೇಳಿದರೆ ನಮ್ಮನ್ನೇ ತಮ್ಮವರು ಅಂದುಕೊಳ್ಳುತ್ತವೆ, ಕೆರೆಗೆ ಬಿಟ್ಟರೂ ಊರೊಳಗೆ ಬಂದು ನಾಯಿಗಳ ಬಾಯಿಗೆ ಬೀಳುತ್ತವೆ. ಅದಕ್ಕೇ ನಮಗೆ ಬೂದು ನಿಲುವಂಗಿ, ಮುಖಕ್ಕೆ ಮುಸುಕು, ಕೈಗೆ ಕೆಂಪು ತಲೆಯ ಹಕ್ಕಿ ಗೊಂಬೆ. ಆ ಗೊಂಬೆಯ ಕೊಕ್ಕಿನಿಂದಲೇ ತುತ್ತು ಕೊಡುತ್ತಿದ್ದೆವು.

ಎಲ್ಲಕ್ಕಿಂತ ಸಣ್ಣ ಮರಿ ನನ್ನ ಹತ್ತಿರ ತಿನ್ನುತ್ತಿರಲಿಲ್ಲ. ನೀನು ಹೋದರೆ ಗಬಗಬ ತಿನ್ನುತ್ತಿತ್ತು. ನನಗೆ ಹೊಟ್ಟೆ ಉರಿಯಿತು — ಅದಕ್ಕೆ ಅನುಮಾನ ಅಂತ ಹೆಸರಿಟ್ಟುಕೊಂಡೆ. ಮೊದಲಿಂದಲೂ ನಾನು ಅನುಮಾನದ ಪ್ರಾಣಿ. ಹಾಲಿನವನು ನಕ್ಕರೆ ನೀರು ಬೆರೆಸಿದ್ದಾನೆ ಅನ್ನುವವಳು. ನೀನು ನಗುತ್ತ ಹೊರಬಂದರೆ ಮರಿಯನ್ನು ಮಾತಾಡಿಸಿಯೇ ಬಂದಿದ್ದಾಳೆ ಅನ್ನಿಸುತ್ತಿತ್ತು. ಗೂಟಕ್ಕೆ ನೇತುಹಾಕಿದ ನಿನ್ನ ಮುಸುಕನ್ನು ಕದ್ದು ಮುಟ್ಟಿ ನೋಡುತ್ತಿದ್ದೆ. ನನ್ನದು ಬೆವರಿಗೆ ಒದ್ದೆ, ನಿನ್ನದು ಒಣಗಿಕೊಂಡೇ ಇರುತ್ತಿತ್ತು. ಹಾಗಾದರೆ ಹಾಕಿಕೊಂಡೇ ಇಲ್ಲ! ನಿನ್ನ ಪಾಳಿ ಬೆಳಗಿನ ತಂಪಿನದು, ನನ್ನದು ಮಧ್ಯಾಹ್ನದ್ದು ಅನ್ನುವುದು ನನ್ನ ತಲೆಗೆ ಹೋಗಲಿಲ್ಲ. ನಾನೇ ಹೋಗಗೊಡಲಿಲ್ಲವೋ ಏನೋ.

ಒಂದು ಮಧ್ಯಾಹ್ನ ಪರೀಕ್ಷೆ ಮಾಡಿಯೇಬಿಡೋಣ ಎಂದು ಆ ಮರಿಯ ಮುಂದೆ ಮುಸುಕು ತೆಗೆದು "ಬಾ, ಬಾ" ಎಂದೆ. ಸುಧಾ, ಅದು ಬೆದರಿ ಮೂಲೆಗೆ ಓಡಿತು. ಮನುಷ್ಯರ ಮುಖವನ್ನು ಅದು ಕಂಡೇ ಇರಲಿಲ್ಲ. ನಿನ್ನ ಮೇಲಿನ ಅನುಮಾನ ಅಲ್ಲಿಗೇ ಮುಗಿಯಬೇಕಿತ್ತು. ಮುಗಿಯಲಿಲ್ಲ — ನನ್ನ ಮುಖ ಹೊಸದು, ಅದಕ್ಕೇ ಹೆದರಿದೆ, ಅವಳಾದರೆ ಬರುತ್ತೆ ಅಂದುಕೊಂಡೆ. ಮಾರನೆಯ ದಿನ ಮತ್ತೆ ತೆಗೆದೆ. ಅದು ಹಸಿದಿತ್ತು, ಬರಿಗೈಯಲ್ಲಿ ಮೀನು ಹಿಡಿದು ಕೂತೆ. ಅದರ ಮಾರನೆಯ ದಿನವೂ... ಕೊನೆಗೊಂದು ದಿನ ಓಡಿ ಬಂದು ತಿಂದಿತು. ನನಗೆ ಸಂತೋಷವಾಯಿತು. ನೀನು ಸಿಕ್ಕಿಬಿದ್ದೆ ಅಂತಲೋ, ನನ್ನ ಕೈಯಿಂದ ತಿಂದಿತು ಅಂತಲೋ —

ಕೇಂದ್ರ ನಡೆಸುತ್ತಿದ್ದ ಡಾಕ್ಟರ ಹತ್ತಿರ ಹೋದೆ. "ಸಾರ್, ಬೇಕಾದ್ರೆ ನೀವೇ ನೋಡಿ, ಮುಖ ಕಂಡ್ರೆ ಓಡಿ ಬರ್ತದೆ. ಬೆಳಗ್ಗೆ ಪಾಳಿಲಿ ಯಾರೋ ಅಭ್ಯಾಸ ಮಾಡ್ಸವ್ರೆ" ಎಂದೆ. ಬೆಳಗಿನ ಪಾಳಿ ನಿನ್ನೊಬ್ಬಳದೇ. ಅವರು ಮುಸುಕಿಲ್ಲದೆ ನಿಂತರು. ಮರಿ ಓಡಿ ಬಂತು. ನೀನು ನನ್ನ ಕೈ ಹಿಡಿದುಕೊಂಡು "ನೀವಾದ್ರೂ ಹೇಳಿ ಮಂಜಕ್ಕ, ನಾನ್ ಅಂಥೋಳಾ?" ಎಂದೆ. ನಾನು ಕೈ ಬಿಡಿಸಿಕೊಂಡೆ. ಆ ವಾರವೇ ನಿನ್ನನ್ನು ಕೆಲಸದಿಂದ ತೆಗೆದರು.

ವರ್ಷಗಳಾದವು. ಉಳಿದ ಮರಿಗಳು ಕೆರೆಗೆ ಹೋಗಿ, ಜೋಡಿಯಾಗಿ ಗೂಡು ಕಟ್ಟಿವೆ. ಜನ ಹೊಗಳುತ್ತಾರೆ, ನನ್ನನ್ನೂ ಸೇರಿಸಿ. ಆ ಒಂದು ಮಾತ್ರ ಕೇಂದ್ರದ ಬಲೆಗೂಡಿನೊಳಗೇ ಬೆಳೆಯಿತು. ಜೋಡಿಯಾಗಲಿ ಎಂದು ಕಳೆದ ವಾರ ಅದರ ಹತ್ತಿರ ಒಂದು ಹೆಣ್ಣು ಹಕ್ಕಿಯನ್ನು ಬಿಟ್ಟೆವು. ಇದು ತಿರುಗಿಯೂ ನೋಡಲಿಲ್ಲ. ಬಲೆಯಾಚೆ ನಿಂತಿದ್ದ ನನ್ನನ್ನು ನೋಡಿ ತಲೆ ಬಾಗಿಸಿತು, ರೆಕ್ಕೆ ಬಿಚ್ಚಿತು, ಸಾರಸ ತನ್ನ ಜೋಡಿಯ ಮುಂದೆ ಕುಣಿಯುವ ಹಾಗೆ ನನ್ನ ಮುಂದೆ ಕುಣಿಯಿತು. "ಮೇಡಂ ಕಂಡ್ರೆ ಎಷ್ಟ್ ಪ್ರೀತಿ ನೋಡಿ" ಎಂದು ಪಕ್ಕದವರು ನಕ್ಕರು. ನಾನು ಅಲ್ಲಿಂದ ಹೊರಟುಬಿಟ್ಟೆ.

ಇವತ್ತು ಡಾಕ್ಟರಿಗೆ ಎಲ್ಲ ಹೇಳಿದೆ. ಅವರು "ಸುಧಾಗೆ ಹೇಳಿದ್ಯೇನಮ್ಮ?" ಎಂದರು.

ನಾಳೆ ನಿಟ್ಟೂರಿಗೆ ಬರುತ್ತೇನೆ. ಕ್ಷಮಿಸು ಅಂತ ಕೇಳುವುದಿಲ್ಲ. ನೀನು ಕ್ಷಮಿಸಿದೆ ಅಂದರೂ ಅದನ್ನು ಅನುಮಾನದಿಂದಲೇ ನೋಡುವ ಬುದ್ಧಿ ನನ್ನದು. ನಿನ್ನ ಮೇಲೆ ಬಂದ ಮಾತನ್ನು ನಿಮ್ಮ ಬೀದಿಯವರೆಲ್ಲ ಕೇಳಿದ್ದಾರೆ. ನೀನು ಬಾಗಿಲು ತೆಗೆಯದಿದ್ದರೆ ಹೊರಗೇ ನಿಂತು, ಬೀದಿಗೆಲ್ಲ ಕೇಳುವ ಹಾಗೆ ನನ್ನ ಹೆಸರು ಹೇಳುತ್ತೇನೆ.